ಮೂರಿಂಚು ಆಳದ ಡಬ್ಬದಲ್ಲಿ ಮಿನೆಸೋಟದ ಹಿಮಮನೆ: ಹಿಮ ಯಾವುದರಿಂದ ಮಾಡೋದು, ಬೆಳಕು ಹೇಗೆ ಕೊಡೋದು?

ಪುಟ್ಟಮನೆ (ಬೆಂಗಳೂರು)

ನಮ್ಮಣ್ಣ ಅತ್ತಿಗೆ ಇರೋದು ಮಿನೆಸೋಟದ ಡುಲೂತ್‌ನಲ್ಲಿ, ಸುಪೀರಿಯರ್ ಸರೋವರದ ದಂಡೆ. ಅಲ್ಲಿಂದ ಇನ್ನೂ ಉತ್ತರಕ್ಕೆ ಹೋದರೆ ಕಾಡಿನ ಮಧ್ಯೆ ದಿಮ್ಮಿ ಕಟ್ಟಿದ ಕ್ಯಾಬಿನ್‌ಗಳು ಬಾಡಿಗೆಗೆ ಸಿಗುತ್ತವಂತೆ. ಚಳಿಗಾಲದಲ್ಲಿ ಅವರು ತಪ್ಪದೆ ಹೋಗುವ ಮನೆಯ ಫೋಟೊಗಳು ನನ್ನ ಹತ್ತಿರ ಇವೆ. ಅದನ್ನೇ, ಮುಂದೆ ಗಾಜು ಹಾಕಿದ ಆಳದ ಫ್ರೇಮಿನಂಥ ಶ್ಯಾಡೋ ಬಾಕ್ಸ್‌ನಲ್ಲಿ ಮಾಡಿ ಕಳಿಸಬೇಕು ಅಂತಿದ್ದೀನಿ.

ಫ್ರೇಮ್ ಹಾಕುವ ಅಂಗಡಿಯವರಿಗೆ ಹೇಳಿ ಮರದ ಡಬ್ಬ ಮಾಡಿಸಿದ್ದಾಯ್ತು. 10 ಇಂಚು ಅಗಲ, 8 ಇಂಚು ಎತ್ತರ, 3 ಇಂಚು ಆಳ. ಮನೆ ಎಷ್ಟು ದೊಡ್ಡದಿರಬೇಕು, ಹಿಮಕ್ಕೆ ಏನು ಬಳಸೋದು, ಕಿಟಕಿಯಿಂದ ಬೆಳಕು ಬರೋದು ಹೇಗೆ ಅನ್ನೋದು ಗೊಂದಲ. ಹತ್ತಿ ಅಂಟಿಸಿದ್ದು ನೋಡಿದ್ದೀನಿ, ಅದು ನನಗೆ ಬೇಡ.

ರೆಸಿಸ್ಟರ್_ರಾಯ (ಬೆಂಗಳೂರು)

ಬೆಳಕಿನ ವಿಷಯ ವಿವರವಾಗಿ ಆಮೇಲೆ ಬರೀತೀನಿ. ಸದ್ಯ ಒಂದೇ ಮಾತು: ಡಬ್ಬದ ಹಿಂಬದಿ ಹಲಗೆಗೆ ಮೊಳೆ ಹೊಡೆಸಬೇಡಿ, ಸ್ಕ್ರೂ ಹಾಕಿಸಿ. ವೈರು ಬಿಟ್ಟುಕೊಂಡರೆ ಕೈ ಹೋಗೋ ಹಾಗಿರಬೇಕು.

ಅಂಚೆಚೀಟಿ (ಶಿವಮೊಗ್ಗ)

ಹಿಮ ಕಂಡಿರದ ನಾವು ಹಿಮದ ಮನೆ ಮಾಡೋದು ಯಾಕೆ? ಆಗುಂಬೆಯ ಮಳೆ, ಹೆಂಚಿನ ಮನೆ, ಅಡಕೆ ಚಪ್ಪರ ಮಾಡಿ ಕಳಿಸಿ. ಅಣ್ಣನಿಗೆ ಅಲ್ಲಿ ಹಿಮಕ್ಕೇನು ಬರಗಾಲವೇ?

ಪುಟ್ಟಮನೆ

ಊರಿನ ಮನೆ ಚಿತ್ರ ಅವರ ಗೋಡೆ ತುಂಬ ಇದೆ ಸಾರ್. ಅತ್ತಿಗೆ ಕೇಳಿದ್ದೇ ಇದನ್ನ.

ಗೊಂಬೆಮನೆ (ಮೈಸೂರು)

ಮೊದಲು ಅಳತೆ ಗೊತ್ತುಮಾಡಿಕೋ ಕಣಮ್ಮ, ಅಂಟು ಮುಚ್ಚಳ ತೆಗೆಯೋದು ಆಮೇಲೆ. ಗೊಂಬೆಮನೆ ಮಾಡೋರ ಸಾಮಾನ್ಯ ಲೆಕ್ಕ 1:12, ಅಂದರೆ ಒಂದು ಅಡಿಗೆ ಒಂದು ಇಂಚು. ಷಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಥಾರ್ನ್ ಕೋಣೆಗಳು ಅಂತ 68 ಇವೆ. ನಾರ್ಸಿಸಾ ಥಾರ್ನ್ ಅನ್ನೋ ಹೆಂಗಸು 1932ರಿಂದ 1940ರವರೆಗೆ ಕುಶಲಕರ್ಮಿಗಳ ಕೈಲಿ ಮಾಡಿಸಿದ್ದು. ಅವೆಲ್ಲ ಈ ಅಳತೆಯವೇ. ಕೋಣೆಯ ಒಳಗಿಗೆ ಅದು ಚೆಂದ. ನಿನ್ನ ಮೂರಿಂಚು ಆಳಕ್ಕೆ 1:12 ಹಿಡಿದರೆ ಬರೋದು ಮೂರಡಿ ನೆಲ, ಒಂದು ಜಗಲಿಗೂ ಸಾಲದು.

1:48 ಇಟ್ಟುಕೋ. ಅಡಿಗೆ ಕಾಲಿಂಚು. ಹದಿನಾರು ಅಡಿ ಅಗಲದ ಮನೆ ನಾಲ್ಕಿಂಚು ಆಗುತ್ತೆ, ಆರೂವರೆ ಅಡಿ ಬಾಗಿಲು ನಾಲ್ಕು ಸೆಂಟಿಮೀಟರು. ಆಳ ಹನ್ನೆರಡು ಅಡಿಯಷ್ಟು ಸಿಗುತ್ತೆ. ಅದರಲ್ಲಿ ಪೂರ್ತಿ ಮನೆ ತುರುಕಬೇಡ. ಮುಂಗೋಡೆ ಪೂರ್ತಿ, ಒಂದು ಪಕ್ಕದ ಗೋಡೆ ಅರ್ಧ, ಚಾವಣಿಯ ಮುಂದಿನ ಇಳಿಜಾರು ಇಷ್ಟೇ ಸಾಕು. ಹಿಂದುಗಡೆ ಯಾರು ಇಣುಕುತ್ತಾರೆ? ಮನೆಯನ್ನ ಗಾಜಿಗೆ ನೇರ ಇಡದೆ ಒಂದು ಕಡೆಗೆ ಸ್ವಲ್ಪ ತಿರುಗಿಸಿ ಇಡು. ಅಷ್ಟಕ್ಕೇ ಆಳ ಜಾಸ್ತಿ ಕಾಣುತ್ತೆ.

ಮನೆ ಹಿಂದಿನ ಮರಗಳು 1:87 ಇರಲಿ, ಅದರ ಹಿಂದಿನವು ಇನ್ನೂ ಚಿಕ್ಕವು, ಬಣ್ಣವೂ ಮಂಕು. ಆಕಾಶದ ಚಿತ್ರ ಬರೆದ ಡ್ರಾಯಿಂಗ್ ಶೀಟನ್ನ ಮೂಲೆಯಲ್ಲಿ ಮಡಿಸಬೇಡ, ಬಾಗಿಸಿ ಕೂರಿಸು. ಮೂಲೆಯಲ್ಲಿ ಒಂದು ಗೆರೆ ಕಂಡರೆ ಸಾಕು, ಡಬ್ಬ ಡಬ್ಬವಾಗೇ ಉಳಿಯುತ್ತೆ. ದಸರಾ ಗೊಂಬೆಗೆ ಹಿನ್ನೆಲೆ ಕಟ್ಟುವಾಗಲೂ ನಾವು ಹೀಗೇ ಮಾಡೋದು.

ಧಾರವಾಡ_ಪೇಢಾ (ಧಾರವಾಡ)

ದಿಮ್ಮಿಗೆ ಕಬಾಬ್ ಕಡ್ಡಿ ತಗೋಬ್ಯಾಡ್ರಿ ಅಕ್ಕಾರ. ಅದು 3 ಮಿ.ಮೀ. ಇರತೈತಿ, 1:48ಕ್ಕ ಹಾಕಿದ್ರ ಬರೇ ಹದಿನಾಲ್ಕು ಸೆಂಟಿಮೀಟರ್ ದಪ್ಪದ ದಿಮ್ಮಿ. ನಿಮಗ ಬೇಕಾದ್ದು 5 ಮಿ.ಮೀ. ನಮ್ಮ ಕಡೆ ಹೊಲದಾಗ ಹತ್ತಿ ಬಿಡಿಸಿದ ಮ್ಯಾಲೆ ಕಟಗಿ ಹಂಗ ನಿಂತಿರತಾವ. ಟೊಂಗಿ ತುದಿ ಕಡೆ ಸರಿಯಾಗಿ ಅದ ದಪ್ಪ ಸಿಗತೈತಿ. ಬೆಂಗಳೂರಾಗ ಇಲ್ಲ ಅಂದ್ರ ದಾಸವಾಳದ ಟೊಂಗಿ ಕಡಿದು ಒಣಗಿಸ್ರಿ. ಸಿಪ್ಪಿ ಪೂರಾ ಸುಲೀರಿ. ಖರೇ ಕ್ಯಾಬಿನ್‌ದಾಗೂ ಬಹಳ ಮಟ್ಟಿಗೆ ಸುಲದ ಕಟ್ಟತಾರ, ಸಿಪ್ಪಿ ಕೆಳಗ ಹುಳ ಸೇರತಾವ ಅಂತ.

ಈಗ ಮೂಲಿ ಜೋಡಣಿ. ಕೆಳಗಿನ ದಿಮ್ಮಿ ಮ್ಯಾಲಿನ ಭಾಗ ಕಡೀಬ್ಯಾಡ್ರಿ. ಮ್ಯಾಲಿನ ದಿಮ್ಮಿ ಹೊಟ್ಟಿಯೊಳಗ ಗುಂಡಗ ಕೊರೀರಿ, ಅದು ಕೆಳಗಿಂದರ ಮ್ಯಾಲೆ ಕವುಚಿ ಕುಂದರಬೇಕು. ನೀರು ನಿಂದರಬಾರದು ಅಂತ ಖರೇ ಮನಿಗೂ ಹಂಗ ಮಾಡತಾರ. ಸಣ್ಣ ಗುಂಡನ ಅರ ಇದ್ರ ಎರಡು ಮೂರು ಎಳೆತಕ್ಕ ಆತು. ಇನ್ನೊಂದು: ಕಟಗಿ ಒಂದ ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಇರತೈತಿ. ಒಂದು ಸಾಲಿನಾಗ ಬುಡ ಎಡಕ್ಕ ಬಂದ್ರ ಮುಂದಿನ ಸಾಲಿನಾಗ ಬುಡ ಬಲಕ್ಕ. ಇಲ್ಲಾಂದ್ರ ಆರು ಸಾಲು ಏರೂದ್ರಾಗ ಗ್ವಾಡಿ ಒಂದ ಕಡೆ ವಾಲತೈತಿ. ಸಂದಿಗೆ ಫೆವಿಕಾಲ್‌ದಾಗ ಗ್ವಾಡಿ ಪುಟ್ಟಿ ಕಲಸಿ ಟೂತ್‌ಪಿಕ್ಕಿಲೆ ತುಂಬ್ರಿ.

ಬಣ್ಣ ಚಾಕಲೇಟಿನಂಗ ಹಚ್ಚಬ್ಯಾಡ್ರಿ, ಕೈ ಮುಗೀತೇನಿ. ಬಿಸಲು ಹಿಮ ತಿಂದ ಕಟಗಿ ಬೂದಿ ಬಣ್ಣಕ್ಕ ತಿರಗಿರತೈತಿ. ನೀರಾಗ ಒಂಚೂರು ಕಪ್ಪು, ಅದಕ್ಕಿಂತ ಕಡಿಮಿ ಕಂದು. ಸೂರಿನ ಕೆಳಗ ಮಾತ್ರ ಬೆಚ್ಚನ ಬಣ್ಣ ಉಳಿಸ್ರಿ, ಅಲ್ಲಿ ಮಳಿ ಬಡಿಯೂದಿಲ್ಲ.

ಹಿಮದೂರು (ಮಿನಿಯಾಪೊಲಿಸ್)

ಪೇಢಾ ಅವರು ಹೇಳಿದ್ದು ದುಂಡು ದಿಮ್ಮಿಯ ಜೋಡಣೆ. ಕೊರೆಯುವ ಮುಂಚೆ ಫೋಟೊದಲ್ಲಿ ಮನೆಯ ಮೂಲೆಯನ್ನು ಒಮ್ಮೆ ದೊಡ್ಡದು ಮಾಡಿ ನೋಡಿ. ದಿಮ್ಮಿ ಮನೆ ಕಟ್ಟುವ ವಿದ್ಯೆಯನ್ನು ಅಮೆರಿಕಕ್ಕೆ ತಂದವರು ಸ್ವೀಡನ್ ಮತ್ತು ಫಿನ್ಲೆಂಡ್ ಕಡೆಯ ವಲಸಿಗರು, 1638ರಲ್ಲಿ ಶುರುವಾದ ಡೆಲವೇರ್ ದಂಡೆಯ ನ್ಯೂ ಸ್ವೀಡನ್ ವಸಾಹತಿನ ಜನ. ಉತ್ತರ ಮಿನೆಸೋಟದ ಗಣಿ ಸೀಮೆಗೆ ಫಿನ್ನರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಬಹಳ ಆಮೇಲೆ. ಅವರ ಹಳೇ ಮನೆಗಳಲ್ಲಿ ದಿಮ್ಮಿಯನ್ನು ಚಪ್ಪಟೆ ಕೆತ್ತಿ, ಮೂಲೆಯಲ್ಲಿ ಪಾರಿವಾಳದ ಬಾಲದ ಆಕಾರದ ಕಚ್ಚು ಕೊಟ್ಟು, ತುದಿಯನ್ನು ನೀಟಾಗಿ ಕತ್ತರಿಸಿರುತ್ತಾರೆ. ಹಾಗಿದ್ದರೆ ಕಡ್ಡಿ ಬೇಡ, ಪಟ್ಟಿ ಬೇಕು. ಪಕ್ಕದಲ್ಲಿ ಸಣ್ಣ ಗುಡಿಸಲು ಕಂಡರೆ ಅದು ಸೌನಾ (ಫಿನ್ನರ ಬಿಸಿ ಹಬೆಯ ಸ್ನಾನದ ಮನೆ) ಇರಬಹುದು, ಬಿಡಬೇಡಿ.

ಪುಟ್ಟಮನೆ

ನೋಡಿದೆ. ದುಂಡು ದಿಮ್ಮಿಯೇ, ತುದಿಗಳು ಮೂಲೆಯಿಂದ ಆಚೆ ಚಾಚಿವೆ. ಸೌನಾ ಇದೆ, ಆದರೆ ಅದಕ್ಕೆ ಡಬ್ಬದಲ್ಲಿ ಜಾಗ ಇಲ್ಲ.

ದಾಸವಾಳದ ಕಡ್ಡಿ ಒಣಗಲು ಇಟ್ಟಿದ್ದೀನಿ. ಈಗ ಹಿಮ. ಯೂಟ್ಯೂಬ್ ತುಂಬ ಅಡುಗೆ ಸೋಡ ಮತ್ತು ಫೆವಿಕಾಲ್ ಅಂತಾರೆ.

ಕಡಲತಡಿ (ಮಂಗಳೂರು)

ಸೋಡ ಬೇಡ ಮಾರಾಯ್ರೆ. ಮಾಡಿದ ದಿನ ಚಂದ ಉಂಟು, ಆಮೇಲೆ ಹಳದಿ ತಿರುಗ್ತದೆ, ಗಾಳಿಯಲ್ಲಿ ತೇವ ಇದ್ದರೆ ಗಟ್ಟಿಯಾಗಿ ಬಿರುಕು ಬಿಡ್ತದೆ. ವೈರಿನ ತಾಮ್ರಕ್ಕೂ ಒಳ್ಳೇದಲ್ಲ. ಉಪ್ಪು, ಸಕ್ಕರೆ ಅಂತೂ ನೀರೇ ಎಳ್ಕೊಳ್ತವೆ, ಮತ್ತೆ ಸಕ್ಕರೆಗೆ ಇರುವೆ. ನಾವು ಕ್ರಿಸ್ಮಸ್ಸಿಗೆ ಗೋದಲಿ ಕಟ್ಟುವಾಗ ಹತ್ತಿ ಹಾಕ್ತೇವೆ, ಆದ್ರೆ ಅದು ಹಬ್ಬ ಮುಗಿಯುವಾಗ ತೆಗೆಯುವಂಥದ್ದು. ಮುಚ್ಚಿದ ಡಬ್ಬದಲ್ಲಿ ನಮ್ಮೂರಿನ ಒಂದು ಮಳೆಗಾಲ ಕಳೆದ್ರೆ ಹತ್ತಿಗೆ ಬೂಷ್ಟು ಖಂಡಿತ.

ಒಂದು ಎಚ್ಚರಿಕೆ: ಸೂಪರ್ ಗ್ಲೂ ಬಳಸಿದ್ರೆ ಕೂಡಲೇ ಗಾಜು ಮುಚ್ಚಬೇಡಿ. ಅದರ ಆವಿ ಗಾಜಿಗೆ, ಹತ್ತಿರದ ಬಣ್ಣಕ್ಕೆ ಬಿಳಿ ಪೊರೆ ಹಾಗೆ ಕೂತ್ಕೊಳ್ತದೆ. ಸ್ವಲ್ಪ ದಿನ ತೆರೆದೇ ಇರಲಿ.

ಗೊಂಬೆಮನೆ

ಕಲ್ಲಿನ ಪುಡಿಗೆ ಸಮ ಯಾವುದೂ ಇಲ್ಲ. ಮಾರ್ಬಲ್ ಪುಡಿ ಸಿಕ್ಕರೆ ತಗೋ. ಸಿಗದಿದ್ದರೆ ಬಿಳೀ ರಂಗೋಲಿ ಪುಡಿಯೂ ಆಗುತ್ತೆ, ಆದರೆ ಅಕ್ಕಿ ಹಿಟ್ಟು ಬೆರೆತಿರಬಾರದು, ಜಿರಲೆ ಬರುತ್ತೆ. ಅಂಗಡಿಯ ಪುಡಿಯನ್ನ ಹಾಗೇ ಉದುರಿಸಬೇಡ. ಲೆಕ್ಕ ಹಾಕು: ಒಂದು ಮಿಲಿಮೀಟರ್ ಕಾಳು 1:48ರಲ್ಲಿ ಹೆಚ್ಚು ಕಮ್ಮಿ ಐದು ಸೆಂಟಿಮೀಟರು, ನಿಂಬೆಹಣ್ಣಿನಷ್ಟು ದೊಡ್ಡ ಹಿಮದ ಹರಳು! ಮಲ್ಲು ಬಟ್ಟೆಯಲ್ಲಿ ಸೋಸಿ, ಬಟ್ಟೆ ದಾಟಿ ಬಂದ ಧೂಳು ಮಾತ್ರ ಮೇಲ್ಪದರಕ್ಕೆ. ಮೂಗಿಗೆ ಮಾಸ್ಕ್ ಕಟ್ಟಿಕೋ, ಕಲ್ಲಿನ ಧೂಳು ಎದೆಗೆ ಒಳ್ಳೇದಲ್ಲ.

ಕೆಳಗೆ ಥರ್ಮಾಕೋಲ್ ಕೆತ್ತಿ ದಿಬ್ಬ ತಗ್ಗು ಮಾಡಿಕೋ. ಅದರ ಮೇಲೆ ಟಿಶ್ಯೂ ಕಾಗದಕ್ಕೆ ನೀರು ಬೆರೆಸಿದ ಫೆವಿಕಾಲ್ ಹಚ್ಚಿ ಒಂದು ಪದರ, ಒಣಗಿದ ಮೇಲೆ ಬಿಳಿ ಅಕ್ರಿಲಿಕ್‌ಗೆ ಪುಡಿ ಕಲಸಿ ದೋಸೆ ಹಿಟ್ಟಿನ ಹದದಲ್ಲಿ ಬಳಿ. ಅದು ಹಸಿ ಇರುವಾಗಲೇ ಜರಡಿಯಿಂದ ಒಣ ಪುಡಿ ಉದುರಿಸು. ಸ್ಪ್ರೇ ಪೇಂಟು ಮಾತ್ರ ಥರ್ಮಾಕೋಲಿನ ಹತ್ತಿರ ಸುಳಿಯಬಾರದು, ಕರಗಿಸಿಬಿಡುತ್ತೆ. ಹೊಳಪಿಗೆ ಗ್ಲಿಟರ್ ಬೇಡ, ಗ್ರೀಟಿಂಗ್ ಕಾರ್ಡ್ ಆಗಿಬಿಡುತ್ತೆ. ಅಭ್ರಕದ ಪುಡಿ ಚಿಟಿಕೆ ಸಾಕು.

ಹಿಮದೂರು

ಪುಡಿ ಯಾವುದಾದರೂ ಆಗಲಿ, ಅದು ಎಲ್ಲಿ ಬೀಳಬಾರದು ಅನ್ನೋದು ಮುಖ್ಯ. ಭಾರತದಲ್ಲಿ ಮಾಡಿದ ಹಿಮದ ಮಾದರಿಗಳಲ್ಲಿ ನನಗೆ ಥಟ್ಟನೆ ಕಣ್ಣಿಗೆ ಹೊಡೆಯುವುದು ಇದೇ: ಸಾಮಾನೆಲ್ಲ ಜೋಡಿಸಿ ಕೊನೆಗೆ ಎಲ್ಲದರ ಮೇಲೂ ಒಂದೇ ಸಮ ಬಿಳಿ ಉದುರಿಸಿರುತ್ತಾರೆ. ಹಿಮ ಹಾಗೆ ಕೂರಲ್ಲ.

ಹಿಮ ಮೇಲಿಂದ ಬೀಳುತ್ತೆ, ಗಾಳಿ ಇದ್ದರೆ ಒಂದು ಮಗ್ಗುಲಿಂದ. ಹಾಗಾಗಿ ಸೂರಿನ ಕೆಳಗೆ, ಗೋಡೆಗೆ ತಾಗಿದ ಒಂದು ಪಟ್ಟಿ ನೆಲದಲ್ಲಿ ಹಿಮ ತೀರಾ ಕಡಿಮೆ. ಸೂರಿನಡಿ ಪೇರಿಸಿದ ಸೌದೆಗೆ ಮೇಲಿನ ಸಾಲಿನ ಹೊರ ಅಂಚಿನಲ್ಲಿ ಮಾತ್ರ ಬಿಳಿ, ಸೀಳಿದ ಮುಖಗಳು ಒಣಗಿ ಹಳದಿಯಾಗಿ ಕಾಣುತ್ತವೆ. ಸೂಜಿಯೆಲೆಯ ಸ್ಪ್ರೂಸ್ ಮರದ ರೆಂಬೆಗಳು ಭಾರಕ್ಕೆ ಕೆಳಗೆ ಜಗ್ಗಿರುತ್ತವೆ, ಮೇಲ್ಮೈ ಬಿಳಿ, ಅಡಿಭಾಗ ಹೆಚ್ಚು ಕಡಿಮೆ ಕಪ್ಪು. ದಟ್ಟ ರೆಂಬೆಗಳು ಹಿಮ ತಡೆಯುವುದರಿಂದ ಬುಡದ ಸುತ್ತ ಒಂದು ಗುಳಿ ಇರುತ್ತೆ. ಮರವನ್ನು ಹಿಮದ ದಿಬ್ಬದ ಮೇಲೆ ಚುಚ್ಚಿದಂತೆ ನಿಲ್ಲಿಸಿದರೆ ಅದು ಕೇಕಿನ ಮೇಲಿನ ಮರ.

ಚಾವಣಿಗೆ ಬನ್ನಿ. ಒಂದು ಅಡಿ ಹಿಮ ನಿಮ್ಮ ಅಳತೆಯಲ್ಲಿ 6 ಮಿ.ಮೀ. ಧೈರ್ಯವಾಗಿ ಅಷ್ಟು ದಪ್ಪ ಕೊಡಿ. ಅಂಚು ಚೂಪಾಗಿರಬಾರದು, ದುಂಡಗೆ ಸೂರಿನಿಂದ ತುಸು ಆಚೆ ಬಾಗಿರಲಿ. ಒಲೆಯ ಹೊಗೆ ಕೊಳವೆ ಹೊರಬರುವ ಕಡೆ ಸುತ್ತಲೂ ಹಿಮ ಕರಗಿ ಚಾವಣಿಯ ಕಪ್ಪು ಹಲಗೆ ಕಾಣಬೇಕು. ಒಳಗೆ ಬೆಂಕಿ ಇದೆ ಅಂತ ನೋಡುವವರಿಗೆ ಹೇಳುವುದು ಅದೇ. ಹಿಮಗಡ್ಡೆಯ ಕೋಲುಗಳು ಆಗುವುದೂ ಆ ಶಾಖದಿಂದಲೇ. ಚಾವಣಿಯಿಂದ ಸೋರಿದ ಬಿಸಿಗೆ ಹಿಮ ಕರಗಿ ಇಳಿದು, ತಣ್ಣಗಿರುವ ಸೂರಿನ ತುದಿಯಲ್ಲಿ ಮತ್ತೆ ಹೆಪ್ಪುಗಟ್ಟುತ್ತೆ. ಹಾಗಾಗಿ ಮನೆ ಸುತ್ತ ಬಾಚಣಿಗೆಯಂತೆ ಸಾಲು ಹಿಡಿಸಬೇಡಿ. ಕೊಳವೆ ಇರುವ ಕಡೆ ಉದ್ದ, ಗಿಡ್ಡ ಬೆರೆಸಿ ಕೆಲವು ಸಾಕು. ಉದ್ದದ್ದು 8 ಮಿ.ಮೀ. ದಾಟದಿರಲಿ. ಪಾರದರ್ಶಕ ಬಾಲ್‌ಪೆನ್ನಿನ ಹೊರಕವಚವನ್ನು ಮೇಣದಬತ್ತಿಯ ಮೇಲೆ ಹಿಡಿದು ಮೆತ್ತಗಾದಾಗ ಎಳೆದರೆ ಚೂಪು ತುದಿ ಬರುತ್ತೆ. ಕಿಟಕಿ ತೆರೆದಿಟ್ಟು ಮಾಡಿ, ಹೊಗೆ ಕೆಟ್ಟದ್ದು.

ಬಾಗಿಲಿಂದ ಸೌದೆಯವರೆಗೆ ಸಲಿಕೆಯಲ್ಲಿ ಬಿಡಿಸಿದ ದಾರಿ ಬೇಕೇ ಬೇಕು. ಅದರ ಎರಡೂ ಬದಿ ನೇರವಾಗಿ ಕಡಿದಂತಿರುತ್ತೆ, ಇಳಿಜಾರಾಗಿ ಅಲ್ಲ. ಸಲಿಕೆ ಬಾಗಿಲ ಪಕ್ಕದಲ್ಲೇ ಇರಲಿ, ಬೆಳಗ್ಗೆ ಎದ್ದು ಮೊದಲು ಹುಡುಕುವುದು ಅದನ್ನೇ.

ಧಾರವಾಡ_ಪೇಢಾ

ಇದನ್ನ ಓದಿ ನನಗ ಇಲ್ಲೆ ಕುಂತಲ್ಲೆ ಥಂಡಿ ಹತ್ತಾಕತ್ತೈತಿ.

ಗಿಡಕ್ಕ ತೆಂಗಿನ ನಾರು ನೋಡ್ರಿ. ಬಾಟಲಿ ತೊಳಿಯೂ ಬ್ರಷ್ ಮಾಡಿದಂಗ. ಸಣ್ಣ ತಂತಿ ಮಡಚಿ ಎರಡು ಎಳಿ ಮಾಡಿ, ನಡುವ ನಾರಿನ ತುಂಡು ಅಡ್ಡಲಾಗಿ ತೆಳ್ಳಗ ಹರವಿ, ಅಂಟು ಹಚ್ಚಿ, ಒಂದು ತುದಿ ಡ್ರಿಲ್ ಮಷಿನ್ನಿಗೆ ಸಿಗಸಿ ಹಗರಕ ತಿರಗಿಸ್ರಿ. ನಾರು ಎಲ್ಲಾ ಕಡೆ ಎದ್ದು ನಿಂದರತಾವ. ಕತ್ತರಿಲೆ ಮ್ಯಾಲೆ ಸಣ್ಣ, ಕೆಳಗ ಅಗಲ ಕತ್ತರಿಸ್ರಿ. ಆ ಕಡೆ ಸ್ಪ್ರೂಸ್ ಗಿಡ ಅಗಲ ಕಡಿಮಿ, ಎತ್ತರ ಜಾಸ್ತಿ. ಹಸಿರು ಹಚ್ಚೂವಾಗ ಕಪ್ಪು ಬೆರಸ್ರಿ, ಇಲ್ಲಾಂದ್ರ ಪ್ಲಾಸ್ಟಿಕ್ ಕಂಡಂಗ ಕಾಣತೈತಿ.

ರೆಸಿಸ್ಟರ್_ರಾಯ

ನನ್ನ ಸರದಿ. ಹಗಲೋ ಇರುಳೋ ಮೊದಲು ತೀರ್ಮಾನ ಮಾಡಿ. ನನ್ನ ಅಭಿಪ್ರಾಯ ಕೇಳಿದರೆ ಮುಸ್ಸಂಜೆ. ಆಗ ಆಕಾಶದ ನೀಲಿಯೂ ಉಳಿಯುತ್ತೆ, ಕಿಟಕಿಯ ಬೆಳಕೂ ಕಾಣುತ್ತೆ.

ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ 3 ಮಿ.ಮೀ. ವಾರ್ಮ್ ವೈಟ್ (ಹಳದಿ ಛಾಯೆಯ ಬಿಳಿ) ಎಲ್‌ಇಡಿ ಕೇಳಿ. ಬಟನ್ ಸೆಲ್ ಬೇಡ, ಯುಎಸ್‌ಬಿ ವೈರಿನ 5 ವೋಲ್ಟ್ ಸಾಕು. ಅಮೆರಿಕದ ಪ್ಲಗ್ಗು, 120 ವೋಲ್ಟು ಅಂತ ತಲೆಬಿಸಿ ಇಲ್ಲ, ಅವರ ಫೋನ್ ಚಾರ್ಜರ್‌ಗೇ ಹಾಕಿಕೊಳ್ತಾರೆ. ಬಿಳಿ ಎಲ್‌ಇಡಿ ಸುಮಾರು 3 ವೋಲ್ಟ್ ತಿನ್ನುತ್ತೆ, ಉಳಿದ 2 ವೋಲ್ಟನ್ನು ರೆಸಿಸ್ಟರ್ ತಡೀಬೇಕು. 470 ಓಮ್ ಹಾಕಿದರೆ 4 ಮಿಲಿಆಂಪ್ ಆಸುಪಾಸು. 20 ಮಿಲಿಆಂಪ್ ತಡೆಯುತ್ತೆ ಅಂತ ಅಷ್ಟೂ ಕೊಟ್ಟರೆ ಕ್ಯಾಬಿನ್ನು ಪೆಟ್ರೋಲ್ ಬಂಕ್ ಥರ ಹೊಳೆಯುತ್ತೆ. ಇನ್ನೂ ಮಂಕು ಬೇಕಾದರೆ 1 ಕಿಲೋಓಮ್. ಎರಡು ಎಲ್‌ಇಡಿಯನ್ನು ಒಂದರ ಹಿಂದೆ ಒಂದು ಜೋಡಿಸಿದರೆ 5 ವೋಲ್ಟಿಗೆ ಹತ್ತಲ್ಲ. ಒಂದೊಂದಕ್ಕೂ ಬೇರೆ ರೆಸಿಸ್ಟರ್ ಕೊಟ್ಟು ಪಕ್ಕಪಕ್ಕ ಜೋಡಿಸಿ.

ಗೋಡೆಯ ಒಳಮೈಗೆ ಕಪ್ಪು ಕಾಗದ ಅಂಟಿಸಿ. ಎಲ್ಲ ಮುಗಿದ ಮೇಲೆ ಕತ್ತಲಲ್ಲಿ ಹಚ್ಚಿ ನೋಡಿದರೆ ದಿಮ್ಮಿ ಸಂದಿಯಿಂದ ಬೆಳಕು ಸೋರೋದು ಆಗ ಗೊತ್ತಾಗೋದು, ಅಷ್ಟು ಹೊತ್ತಿಗೆ ಚಾವಣಿ ಅಂಟಿರುತ್ತೆ. ಕಿಟಕಿಗೆ ಒಳಗಿಂದ ಬಟರ್ ಪೇಪರ್, ಎಲ್‌ಇಡಿಯ ಚುಕ್ಕಿ ಕಾಣಬಾರದು. ಒಲೆಗೆ ಮಾತ್ರ ಪ್ಲಾಸ್ಟಿಕ್ ದೀಪದೊಳಗಿನ ಮಿನುಗುವ ಎಲ್‌ಇಡಿ ಬಿಚ್ಚಿ ಹಾಕಿ, ಮಿನುಗಿಸುವ ಎಲೆಕ್ಟ್ರಾನಿಕ್ ಚಿಪ್ ಅದರೊಳಗೇ ಇರುತ್ತೆ. ಆಕಾಶಕ್ಕೆ ಫ್ರೇಮಿನ ಮೇಲಂಚಿನ ಹಿಂದೆ ಅಡಗಿಸಿ ಕೂಲ್ ವೈಟ್ (ನೀಲಿ ಛಾಯೆಯ ಬಿಳಿ), ತುಂಬ ಮಂಕಾಗಿ.

ಹಿಮದೂರು

ರಾಯರು ಹೇಳಿದ ನೀಲಿಯ ಬಗ್ಗೆ ಒಂದು ಸೇರಿಸುತ್ತೇನೆ. ನ್ಯೂಯಾರ್ಕಿನ ನೈಸರ್ಗಿಕ ಇತಿಹಾಸ ಸಂಗ್ರಹಾಲಯದಲ್ಲಿ ತೋಳಗಳ ಡಯೋರಾಮ (ಹಿನ್ನೆಲೆ ಚಿತ್ರದ ಮುಂದೆ ಜೋಡಿಸಿದ ದೃಶ್ಯ) ಒಂದಿದೆ, ಮಿನೆಸೋಟದ ಗನ್‌ಫ್ಲಿಂಟ್ ಸರೋವರದ ಚಳಿಗಾಲದ ರಾತ್ರಿ. ಹಿನ್ನೆಲೆ ಬರೆದವರು ಜೇಮ್ಸ್ ಪೆರ್ರಿ ವಿಲ್ಸನ್. ನಿಮ್ಮ ಅಣ್ಣನವರು ಹೋಗುವ ಸೀಮೆಯೇ. ಅಂತರ್ಜಾಲದಲ್ಲಿ ಅದರ ಫೋಟೊ ಹುಡುಕಿ ಹಿಮದ ಬಣ್ಣ ನೋಡಿ. ಎಲ್ಲ ನೀಲಿ, ಹಸಿರು ಕಲೆತ ನೀಲಿ. ಅಪ್ಪಟ ಬಿಳಿಯನ್ನು ಹುಡುಕಬೇಕಾಗುತ್ತೆ. ನಿಮ್ಮ ಹಿಮದ ತಗ್ಗುಗಳಿಗೆ, ದಾರಿಯ ಬದಿಗಳಿಗೆ ಅಲ್ಟ್ರಾಮರೀನ್ ನೀಲಿಯನ್ನು ನೀರಾಗಿಸಿ ಒಂದು ಕೈ ಬಳಿಯಿರಿ. ಕಿಟಕಿ ಎದುರಿನ ಹಿಮಕ್ಕೆ ಕಿತ್ತಳೆ ಹಚ್ಚಬೇಡಿ, ಅದನ್ನು ಎಲ್‌ಇಡಿಯೇ ಹಚ್ಚುತ್ತೆ.

ಪುಟ್ಟಮನೆ

ಮನೆ ನಿಂತಿದೆ! ಹನ್ನೊಂದು ಸಾಲು ದಿಮ್ಮಿ. ಪೇಢಾ ಅವರ ಬುಡ ತುದಿ ಲೆಕ್ಕದಿಂದ ಗೋಡೆ ನೆಟ್ಟಗಿದೆ. ಸಂದಿಗೆ ಪುಟ್ಟಿ ತುಂಬಿ ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ದಿಮ್ಮಿಯ ಗೀರುಗಳಲ್ಲಿ ಸ್ವಲ್ಪ ಬಿಳಿ ಉಳಿಯಿತು. ಅದೇ ಈಗ ಇಬ್ಬನಿ ಹೆಪ್ಪುಗಟ್ಟಿದ ಹಾಗೆ ಕಾಣ್ತಿದೆ, ಅದನ್ನ ಹಾಗೇ ಬಿಟ್ಟೆ. ಕಿಟಕಿ ಚೌಕಟ್ಟಿಗೆ ಪೊರಕೆ ಕಡ್ಡಿ ಸೀಳಿದ್ದು. ಗಾಜಿನ ಕೆಳ ಮೂಲೆಗಳಿಗೆ ಟೂತ್‌ಪಿಕ್ ತುದಿಯಲ್ಲಿ ಬಿಳಿ ಒತ್ತಿದ್ದೀನಿ. ದೀಪ ಹಚ್ಚಿದರೆ ಸೌದೆ ರಾಶಿಯ ನೆರಳು ಹಿಮದ ಮೇಲೆ ಉದ್ದಕ್ಕೆ ಬೀಳುತ್ತೆ. ಮೂರು ಫೋಟೊ ಹಾಕಿದ್ದೀನಿ, ತಪ್ಪು ಹುಡುಕಿ.

ಹಿಮದೂರು

ಚೆನ್ನಾಗಿದೆ, ಕೊಳವೆ ಸುತ್ತ ಕರಗಿದ ಜಾಗ ಭೇಷ್. ಬಾಗಿಲಿನ ತಿರುಗಣಿ ಹೊರಗೆ ಕಾಣ್ತಿದೆಯಲ್ಲ, ಅಂದರೆ ಬಾಗಿಲು ಹೊರಕ್ಕೆ ತೆರೆಯುವಂಥದ್ದು. ಹಿಮ ಬೀಳುವ ಕಡೆ ಒಳಕ್ಕೆ ತೆರೆಯುವುದೇ ಹೆಚ್ಚು, ರಾತ್ರಿ ಹಿಮ ಪೇರಿಸಿಕೊಂಡರೆ ಹೊರಕ್ಕೆ ತಳ್ಳಲಾಗದು.

ಪುಟ್ಟಮನೆ

ಫೋಟೊದಲ್ಲಿ ಹೊರಗೇ ಇದೆ ಸಾರ್, ಹೊರಗಡೆ ಜಾಲರಿ ಬಾಗಿಲು ಬೇರೆ ಇದ್ದ ಹಾಗಿದೆ. ಅದು ಹಾಗೇ ಇರಲಿ.

ಕಡಲತಡಿ

ಕಳಿಸುವ ಪ್ಲಾನು ಎಂತ? ಗಾಜು ಬೇಡ, ಅಕ್ರಿಲಿಕ್ ಹಾಕಿಸಿ. ಆದ್ರೆ ಅಕ್ರಿಲಿಕ್ಕನ್ನು ಒಣ ಬಟ್ಟೆಯಲ್ಲಿ ಉಜ್ಜಿದ್ರೆ ಸ್ಥಿರ ವಿದ್ಯುತ್ ಬಂದು ಹಿಮದ ಪುಡಿಯೆಲ್ಲ ಎಗರಿ ಅದಕ್ಕೇ ಅಂಟ್ತದೆ. ಸಾಬೂನು ನೀರಿನ ತೆಳು ಬಟ್ಟೆಯಲ್ಲಿ ಒರೆಸಿ. ಮತ್ತೆ ಪಾರ್ಸೆಲ್ಲಿನಲ್ಲಿ ಡಬ್ಬ ತಲೆಕೆಳಗೆ ಆಗ್ತದೆ, ಅದನ್ನು ತಡೆಯಲಿಕ್ಕಾಗುದಿಲ್ಲ. ಮುಚ್ಚುವ ಮೊದಲು ಫೆವಿಕಾಲ್ ಒಂದು ಪಾಲು, ನೀರು ನಾಲ್ಕು ಪಾಲು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರೆಸಿ ಮಂಜಿನ ಹಾಗೆ ಸ್ಪ್ರೇ ಮಾಡಿ. ಆ ಹನಿ ಇಲ್ಲದಿದ್ರೆ ನೀರು ಪುಡಿಯ ಮೇಲೆ ಗುಂಡಾಗಿ ಉರುಳ್ತದೆ, ಒಳಗೆ ಇಳಿಯುದಿಲ್ಲ. ಒಣಗಿದ ಮೇಲೆ ಡಬ್ಬ ಬೋರಲು ಹಾಕಿ ತಟ್ಟಿ ನೋಡಿ, ಉದುರುವುದು ಇಲ್ಲೇ ಉದುರಲಿ.

ಹಿಮದೂರು

ಪಾರ್ಸೆಲ್ ಚೀಟಿಯಲ್ಲಿ ಮರದ ಕಡ್ಡಿ, ತೆಂಗಿನ ನಾರು ಅಂತ ಸ್ಪಷ್ಟವಾಗಿ ಬರೆಯಿರಿ. ಗಿಡಮರದ ವಸ್ತು ಬಂದರೆ ಇಲ್ಲಿ ಕೃಷಿ ತಪಾಸಣೆಯವರು ತೆರೆದು ನೋಡಬಹುದು. ಸಿಪ್ಪೆ ಸುಲಿದಿರುವುದು ಒಳ್ಳೆಯದಾಯಿತು. ಪಾಚಿ, ಒಣ ಎಲೆ, ಬೀಜ ಒಂದೂ ಒಳಗಿರಬಾರದು.

ಪುಟ್ಟಮನೆ

ಪಾಚಿ ಹಾಕೋ ಯೋಚನೆ ಇತ್ತು, ಕೈಬಿಟ್ಟೆ. ಅಕ್ರಿಲಿಕ್‌ಗೆ ಹೇಳಿದ್ದೀನಿ.

ಅಂಚೆಚೀಟಿ

ಒಂದು ಪ್ರಶ್ನೆ. ಮನೆಯಲ್ಲಿ ಹಳೇ ಗೋಡೆ ಗಡಿಯಾರದ ಮರದ ಪೆಟ್ಟಿಗೆ ಬಿದ್ದಿದೆ, ಯಂತ್ರ ಹೋಗಿದೆ. ಆಳ ಎರಡೂವರೆ ಇಂಚು. ಹೆಂಚಿನ ಮನೆ ಕೂರುತ್ತದೆಯೇ? ಮಳೆ ಸುರಿಯುತ್ತಿರುವ ಹಾಗೆ ಬೇಕು.

ಗೊಂಬೆಮನೆ

ಕೂರುತ್ತೆ. 1:87 ಹಿಡಿಯಿರಿ, ಹೆಂಚನ್ನ ಒಂದೊಂದಾಗಿ ಮಾಡಬೇಡಿ, ಒಳಗೆ ಅಲೆ ಅಲೆ ಪದರ ಇರೋ ರಟ್ಟು ಹರಿದು ಒಳಪದರ ತೆಗೆದರೆ ಸಾಲು ಸಿಗುತ್ತೆ. ಸುರಿಯೋ ಮಳೆ ಮಾತ್ರ ಯಾರು ಮಾಡಿದರೂ ದಾರ ಕಟ್ಟಿದ ಹಾಗೇ ಕಾಣೋದು. ಮಳೆ ನಿಂತ ಮೇಲಿನ ಅಂಗಳ ಮಾಡಿ, ಒದ್ದೆ ನೆಲಕ್ಕೆ ಹೊಳಪಿನ ವಾರ್ನಿಷ್ ಎರಡು ಕೈ. ಬೇರೆ ಎಳೆ ಶುರು ಮಾಡಿ, ಅಲ್ಲಿ ಬರೀತೀನಿ.